ಚುಕ್ತಾ ಆದ ಆರೈಕೆ

ಆ ದಿನಗಳಲ್ಲಿ ಗದಗಿನಲ್ಲಿ ಯಾರು ಯಾರಿಗೆ ಉಪಕಾರ ಮಾಡಿದರೂ, ಮಾಡಿದವರ ಹೆಸರಿಗೆ ಜಮಾ, ಪಡೆದವರ ಹೆಸರಿಗೆ ಖರ್ಚು ಬೀಳುತ್ತಿತ್ತು. ಎರಡನ್ನೂ ತಾಳೆ ಹಾಕುವ ಕೆಲಸ ಉಪಕಾರ ಕಚೇರಿಯ ಯಂತ್ರದ್ದು.

ಬಟ್ಟೆ ಹೊಲಿಯುವ ಈರವ್ವನಿಗೆ ಟೈಫಾಯ್ಡ್ ಬಂದಾಗ ಗೆಳತಿ ಸುಶೀಲಾ ಹಗಲಿರುಳು ಆರೈಕೆ ಮಾಡಿದ್ದಳು. ಆಮೇಲೆ ಯಾವುದೋ ಮಾತಿಗೆ ಇಬ್ಬರೂ ಮುನಿಸಿಕೊಂಡರು. ಋಣ ತೀರಿಸುವ ನೆಪದಲ್ಲಾದರೂ ಅವಳನ್ನು ಮಾತಾಡಿಸಬಹುದು ಎಂದು ಈರವ್ವ ಧೈರ್ಯವಾಗಿದ್ದಳು. ಅಷ್ಟರಲ್ಲಿ ಫೋನಿಗೆ ಸಂದೇಶ ಬಂತು: ಸುಶೀಲಾಳಿಗೆ ನೀವು ಕೊಡಬೇಕಿದ್ದ ಬಾಕಿ ಚುಕ್ತಾ.

ಈರವ್ವ ಕಚೇರಿಗೆ ಓಡಿದಳು. "ನಾ ಏನೂ ತೀರಿಸಿಲ್ರಿ!"

"ನೀವು ಬಸಪ್ಪನ ಮಗಳಿಗೆ ಲಂಗ ಹೊಲದು ಕೊಟ್ರಿ. ಬಸಪ್ಪ ಸುಶೀಲವ್ವರ ಮನಿ ಸೋರೂದು ನಿಲ್ಲಿಸಿದ. ಅವರು ಮಾಡಿದ ಆರೈಕಿನೂ ಸೇರಿಸಿ ಯಂತ್ರ ಮೂರನ್ನೂ ಜೋಡಿಸಿ ಹೊಡದು ಹಾಕೇತಿ," ಎಂದ ಗುಮಾಸ್ತ. "ಖುಷಿ ಪಡ್ರಿ ಅವ್ವಾರ."

"ಅದನ್ನ ಬಿಡಿಸಾಕ ಬರ್ತೈತೇನ್ರಿ?"

"ಇಲ್ರಿ."

ಈರವ್ವ ಅಲ್ಲಿಂದ ಸೀದಾ ಸುಶೀಲಾಳ ಮನೆಗೆ ನಡೆದಳು.

"ಈಗ್ಯಾಕ ಬಂದಿ? ಎಲ್ಲಾ ಚುಕ್ತಾ ಆತಲ್ಲ," ಎಂದಳು ಸುಶೀಲಾ, ಬಾಗಿಲಲ್ಲೇ ನಿಂತು.

"ಬಿಸಿಲಾಗ ಬಂದೀನಿ. ಒಂದು ತಂಬಿಗಿ ನೀರು ಕೊಡು."

ಸುಶೀಲಾ ಮುಖ ಗಂಟು ಹಾಕಿಕೊಂಡೇ ತಂದು ಕೊಟ್ಟಳು. ಈರವ್ವ ಗಟಗಟ ಕುಡಿದಳು.

"ನೋಡು, ಮತ್ತ ನನ್ನ ಹಂಗಿಗೆ ಬಿದ್ದಿ," ಎಂದಳು ಸುಶೀಲಾ.

"ಹೌದವಾ. ಆ ಯಂತ್ರ ತೀರಿಸೂದ್ರೊಳಗ ನಾನ ತೀರಸ್ತೀನಿ. ಕುಪ್ಪಸದ ಅಳತಿ ಕೊಡು."

ಸುಶೀಲಾ ಸೆರಗು ಸರಿಸಿ, ಎರಡೂ ತೋಳು ಅಗಲ ಮಾಡಿದಳು.