ಕುಂಟಲು ಬಾರದ ಗುಮಾಸ್ತ

ಕ್ಯಾಷಿಯರ್ ಕುಂಟುತ್ತಾ ಒಳಗೆ ಬಂದಾಗ ಉಗ್ರಾಣದ ಗುಮಾಸ್ತ ಮುಖ ತಿರುಗಿಸಿಕೊಂಡ. ನಿನ್ನೆ ಸಂಜೆ ಇದೇ ಮನುಷ್ಯ ಹೊರಟ ಬಸ್ಸನ್ನು ಓಡಿ ಹಿಡಿದಿದ್ದ.

ಕಾರ್ಖಾನೆಯ ಅರ್ಧ ಜನರನ್ನು ಮನೆಗೆ ಕಳಿಸುತ್ತಾರೆಂದು ಸುದ್ದಿ. ಅಂಗವೈಕಲ್ಯ ಇದ್ದವರನ್ನು ಮುಟ್ಟುವುದಿಲ್ಲವಂತೆ ಎಂಬುದು ಅದರ ಬಾಲಂಗೋಚಿ. ಅಷ್ಟೇ ಸಾಕಾಯಿತು. ಟೈಪಿಸ್ಟನಿಗೆ ರಾತ್ರೋರಾತ್ರಿ ಕಿವಿ ಹೋಯಿತು. ಮೇಸ್ತ್ರಿಗೆ ಕಪ್ಪು ಕನ್ನಡಕ ಬಂತು. ಕಚೇರಿ ಆಸ್ಪತ್ರೆಯ ವರಾಂಡದ ಹಾಗೆ ಕಾಣತೊಡಗಿತು.

"ನೀವೂ ಹೇಳಿಬಿಡಿ ಅಂದ್ರೆ," ಎಂದು ಬೆಳಗ್ಗೆ ಹೆಂಡತಿ ದುಂಬಾಲು ಬಿದ್ದಿದ್ದಳು. "ಕೆಲಸ ಹೋದ್ರೆ ಮಕ್ಕಳ ಗತಿ ಏನು?"

"ಸೇರುವಾಗ ಮೈಕೈ ಗಟ್ಟಿ ಇದೆ ಅಂತ ನಾನೇ ಹೇಳಿದ್ದೀನಲ್ಲೇ. ಈಗ ಎಲ್ಲಿಂದ ಬಂತು ಅಂತ ಕೇಳಲ್ವಾ?"

"ಕೇಳಿದ್ರೆ ಕೇಳಲಿ. ಮರ್ಯಾದೆ ಹೊಟ್ಟೆ ತುಂಬಿಸುತ್ತಾ?"

ಅವನಿಗೆ ಕಸಿವಿಸಿ. ಕಚೇರಿಯಲ್ಲಿ ಒಳ್ಳೆಯ ಹೆಸರಿತ್ತು. ಮೆಟ್ಟಿಲಲ್ಲಿ ಎಲ್ಲರಿಗೂ ದಾರಿ ಬಿಟ್ಟು ತಾನು ಕೊನೆಗೆ ಇಳಿಯುವ ಸೌಜನ್ಯವಂತ. ಧೈರ್ಯವಂತ ಬೇರೆ: ಗೇಟಿನ ಬಳಿ ಬೀದಿನಾಯಿ ಕಾಲು ಹಿಡಿದು ಕಚ್ಚಿದಾಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ನಾಯಿಯೇ ಹೆದರಿ ಓಡಿತ್ತು. ಆ ಹೆಸರನ್ನು ಕೈಯಾರೆ ಕಳೆದುಕೊಂಡು ಈ ನಾಟಕದವರ ಗುಂಪಿಗೆ ಸೇರಬೇಕಿತ್ತು.

ಮಧ್ಯಾಹ್ನ, ಕೊನೆಗೂ ಸಾಲಿನಲ್ಲಿ ನಿಂತು ಸಿಬ್ಬಂದಿ ಅಧಿಕಾರಿಯ ಕೋಣೆ ಹೊಕ್ಕ.

"ಮೇಡಂ, ನನ್ನ ಕಾಲು..."

"ಎಡಗಾಲಾ, ಬಲಗಾಲಾ?" ಆಕೆ ತಲೆ ಎತ್ತಲಿಲ್ಲ.

"ಎಡಗಾಲು."

"ನಡೆದು ತೋರಿಸಿ."

ನಡೆದ. ಹಳೆಯ ಅಭ್ಯಾಸ, ಹೆಜ್ಜೆ ನೆಟ್ಟಗೇ ಬಿತ್ತು.

ಆಕೆ ನಕ್ಕಳು. "ನಾಟಕ ಆಡೋಕೂ ಯೋಗ್ಯತೆ ಬೇಕು ರೀ. ಕ್ಯಾಷಿಯರ್‌ನ ನೋಡಿ, ಎಷ್ಟು ಚೆನ್ನಾಗಿ ಕುಂಟ್ತಾರೆ! ನೋಡಿದ್ರೆ ಅಯ್ಯೋ ಅನ್ಸುತ್ತೆ. ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ ನಿಮಗೆ? ನಾಳೆಯಿಂದ ಬರಬೇಡಿ."

ಅವನ ಮೈ ಉರಿದುಹೋಯಿತು. ಕುರ್ಚಿಯಲ್ಲಿ ಕೂತ. ಪ್ಯಾಂಟನ್ನು ಮಂಡಿಯವರೆಗೆ ಮಡಚಿದ. ಎಡಗಾಲನ್ನು ಬಿಚ್ಚಿ, ಬೂಟಿನ ಸಮೇತ ಆಕೆಯ ಮೇಜಿನ ಮೇಲಿಟ್ಟ.

"ಇದಕ್ಕೆ ಸ್ವಲ್ಪ ಕುಂಟೋದು ಹೇಳಿಕೊಡಿ, ಮೇಡಂ."

ಆಕೆ ಕಿಟಾರನೆ ಕಿರುಚಿದಳು. ಆ ಕೂಗು ಹೊರಗೆ ಎಲ್ಲರಿಗಿಂತ ಮೊದಲು ಕೇಳಿಸಿದ್ದು ಟೈಪಿಸ್ಟನಿಗೆ. ಎಲ್ಲರಿಗಿಂತ ಮೊದಲು ಓಡಿಬಂದವನು ಕ್ಯಾಷಿಯರ್.