ಬಿಟ್ಟಿ ಚೆಂಡು

ಎದುರಾಳಿಗಳ ಹತ್ತನೇ ಗೋಲು ಬಿದ್ದೊಡನೆ ಟಿಯೋನಾ ಎಂದಿನಂತೆ ಮೈದಾನದ ನಡುವಿನ ವೃತ್ತಕ್ಕೆ ಬಂದು ನಿಂತಳು. ಆದರೆ ಅಂಪೈರ್ ಡಾಟಿ ಮೇಡಂ ಚೆಂಡನ್ನು ಎದುರಾಳಿ ಹುಡುಗಿಗೂ ಅವಳಿಗೂ ನಡುವೆ ಇಡುವ ಬದಲು ನೇರವಾಗಿ ಅವಳ ಸ್ಟಿಕ್ಕಿನ ಬಲೆಯೊಳಗೆ ಹಾಕಿಬಿಟ್ಟರು.

"ತಗೋ ಚಿನ್ನ, ಆಟ ಶುರು ಮಾಡು."

"ಡ್ರಾ ಇಲ್ವಾ ಮೇಡಂ?"

"ಇಲ್ಲಮ್ಮ. ಈ ವಾರದಿಂದ ನಮ್ಮ ಲೀಗಲ್ಲಿ ಹೊಸ ರೂಲು. ಹತ್ತು ಗೋಲು ಹಿಂದೆ ಬಿದ್ದೋರಿಗೆ ಡ್ರಾ ಆಡ್ದೇನೇ ಚೆಂಡು. ಪಾಪ, ನಿಮ್ಗೂ ಒಂದು ಚಾನ್ಸ್ ಸಿಗ್ಲಿ ಅಂತ."

ಆ ಕನಿಕರ ಟಿಯೋನಾಳಿಗೆ ಹತ್ತು ಗೋಲಿಗಿಂತ ಹೆಚ್ಚು ಚುಚ್ಚಿತು. ತುದಿಗೆ ಬಲೆಯಿರುವ ಸ್ಟಿಕ್ಕಿನಿಂದ ಆಡುವ ಹುಡುಗಿಯರ ಲಕ್ರಾಸ್‌ನಲ್ಲಿ ಪ್ರತಿ ಗೋಲಾದ ಮೇಲೆ ಎರಡೂ ಕಡೆಯ ಒಬ್ಬೊಬ್ಬಳು ಎದುರುಬದುರು ನಿಂತು, ಬಲೆಗೆ ಬಲೆ ಒತ್ತಿ ನಡುವೆ ಚೆಂಡನ್ನು ಸಿಕ್ಕಿಸಿಕೊಳ್ಳಬೇಕು. ಸೀಟಿ ಬಿದ್ದೊಡನೆ ಇಬ್ಬರೂ ಸ್ಟಿಕ್ಕನ್ನು ಮೇಲಕ್ಕೆಳೆಯಬೇಕು, ಚೆಂಡು ತಲೆಯ ಮೇಲೆ ಹಾರಬೇಕು, ಹಿಡಿದವರದು ಚೆಂಡು. ಇದಕ್ಕೇ ಡ್ರಾ ಎನ್ನುವುದು. ಇಡೀ ಚಳಿಗಾಲ ಟಿಯೋನಾ ಕಲಿತದ್ದು ಇದೊಂದನ್ನೇ. ಬಾಲ್ಟಿಮೋರಿನ ಸಾಲುಮನೆಗಳ ಹಿಂದಿನ ಓಣಿಯಲ್ಲಿ ತಂಗಿಯನ್ನು ಎದುರು ನಿಲ್ಲಿಸಿಕೊಂಡು, ಕಸದ ಡಬ್ಬಿಗಳಿಗೆಲ್ಲ ಚೆಂಡು ಬಡಿದು, ಅಕ್ಕಪಕ್ಕದವರಿಂದ ಬೈಸಿಕೊಂಡು ಕಲಿತಿದ್ದಳು. ಇವತ್ತು ಒಂದೂ ಡ್ರಾ ಗೆದ್ದಿರಲಿಲ್ಲ, ನಿಜ. ಆದರೆ ಕೊನೆಯ ಸಲ ಚೆಂಡು ಅವಳ ಬಲೆಯ ಅಂಚನ್ನು ಸವರಿಕೊಂಡು ಹೋಗಿತ್ತು. ಎದುರಾಳಿ ಬ್ರಿಜಿಟ್ ಮಣಿಕಟ್ಟನ್ನು ಯಾವಾಗ ತಿರುಗಿಸುತ್ತಾಳೆ ಎಂಬುದು ಈಗಷ್ಟೇ ಹೊಳೆಯತೊಡಗಿತ್ತು. ಇನ್ನು ಡ್ರಾನೇ ಇಲ್ಲವೆಂದರೆ?

"ನಂಗೆ ಬೇಡ," ಎಂದು ಅವಳು ಚೆಂಡನ್ನು ವಾಪಸು ಚಾಚಿದಳು.

ಡಾಟಿ ಮೇಡಂ ಇಪ್ಪತ್ತು ವರ್ಷದಿಂದ ಸೀಟಿ ಊದುತ್ತಿದ್ದರು. ಚೆಂಡು ಬೇಡ ಎಂದವಳನ್ನು ಕಂಡದ್ದು ಇದೇ ಮೊದಲು. ಜೇಬಿನಿಂದ ಮಡಿಸಿದ ಹಾಳೆ ತೆಗೆದು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಓದಿಕೊಂಡರು. "ಬೇಕೋ ಬೇಡ್ವೋ ಹೇಳ್ಬೇಕಾದ್ದು ನಿಮ್ಮ ಕೋಚು. ಹೋಗಿ ಕೇಳು."

ಕೋಚ್ ಗೇದರ್ ಆಗಲೇ ಗೆರೆಯ ಅಂಚಿಗೆ ಬಂದು ನಿಂತಿದ್ದರು. "ಏನೇ ನಿಂದು? ಬಿಟ್ಟಿ ಸಿಕ್ಕಿದ ಚೆಂಡು ಬೇಡ ಅಂತೀಯಾ? ಈ ಸೀಸನ್ನಲ್ಲಿ ನಾವಿನ್ನೂ ಒಂದು ಗೋಲೂ ಹೊಡ್ದಿಲ್ಲ, ನೆನಪಿದ್ಯಾ?"

ಕೋಚರ ಸಿಟ್ಟಿಗೂ ಕಾರಣವಿತ್ತು. ಹೋದ ವಾರ ಹದಿನೇಳು ಗೋಲುಗಳಿಂದ ಸೋತ ಮರುದಿನವೇ ಇಬ್ಬರು ಹುಡುಗಿಯರು ಸ್ಟಿಕ್ಕು ವಾಪಸು ಕೊಟ್ಟು ಹೋಗಿದ್ದರು. ಇನ್ನಿಬ್ಬರು ಹೋದರೆ ತಂಡವೇ ಇರುವುದಿಲ್ಲ.

"ಒಂದೇ ಒಂದು ಡ್ರಾ, ಕೋಚ್. ಅವಳ ಕೈಚಳಕ ನಂಗೆ ಈಗ ಗೊತ್ತಾಗ್ತಾ ಇದೆ."

"ಒಂದೇ," ಎಂದು ಗೇದರ್ ಬೆರಳೆತ್ತಿ ತೋರಿಸಿದರು.

ವೃತ್ತದೊಳಗೆ ಬ್ರಿಜಿಟ್ ಕಾಯುತ್ತಿದ್ದಳು. ಊರಾಚೆಯ ದೊಡ್ಡ ಶಾಲೆಯ ಹುಡುಗಿ. ಅವಳ ಚೀಲದಲ್ಲಿ ಎರಡೆರಡು ಸ್ಟಿಕ್ಕು. ಟಿಯೋನಾಳದ್ದೋ ಶಾಲೆಯದು, ಹಿಡಿಕೆಯ ಟೇಪಿನ ಮೇಲೆ ಇನ್ಯಾರದೋ ಹೆಸರು. ಆದರೂ ಬ್ರಿಜಿಟ್ ಕೆಟ್ಟವಳೇನಲ್ಲ. ಬಲೆಗೆ ಬಲೆ ಒತ್ತಿಕೊಂಡಾಗ ಮೆಲ್ಲಗೆ ಕೇಳಿದಳು, "ಬೇಕಿದ್ರೆ ನಾನು ಸ್ವಲ್ಪ ಸಡಿಲ ಹಿಡೀಲಾ? ಯಾರಿಗೂ ಗೊತ್ತಾಗಲ್ಲ."

"ಹಂಗೇನಾದ್ರೂ ಮಾಡಿದ್ಯೋ, ಆಟ ಮುಗಿದ್ಮೇಲೆ ನಿನ್ ಕೈ ಕುಲುಕಲ್ಲ."

ಬ್ರಿಜಿಟ್ ನಕ್ಕಳು. ಅವಳ ಬೆರಳುಗಳು ಹಿಡಿಕೆಯ ಮೇಲೆ ಬಿಗಿಯಾದವು. ಸೀಟಿ ಬಿತ್ತು, ಚೆಂಡು ಅವಳ ಪಾಲಾಯಿತು. ಅರೆ ನಿಮಿಷದಲ್ಲಿ ಹನ್ನೊಂದನೇ ಗೋಲು.

"ಆಸೆ ತೀರ್ತಾ? ಇನ್ನು ಬಾಯಿ ಮುಚ್ಕೊಂಡು ಚೆಂಡು ತಗೋ," ಎಂದರು ಗೇದರ್.

ಟಿಯೋನಾ ತಲೆ ತಗ್ಗಿಸಿದಳು. ಕಣ್ಣು ಉರಿಯುತ್ತಿತ್ತು. ತಂಡದವರಿಗೆ ಸಿಗಬೇಕಿದ್ದುದನ್ನು ತನ್ನ ಹಟಕ್ಕೆ ಬಲಿ ಕೊಟ್ಟೆನೆಂದು ನಾಚಿಕೆಯಾಯಿತು. ಅಷ್ಟರಲ್ಲಿ ಗೋಲಿನೊಳಗಿಂದ ಒಂದು ದನಿ ಬಂತು. ಗೋಲ್‌ಕೀಪರ್ ರೋಶೆಲ್. ಹನ್ನೊಂದು ಗೋಲು ತಿಂದವಳು, ತಡೆದ ಚೆಂಡುಗಳ ಏಟಿಗೆ ತೊಡೆಯೆಲ್ಲ ನೀಲಿಗಟ್ಟಿಸಿಕೊಂಡವಳು. ಇನ್ನೊಂದು ಡ್ರಾ ಸೋತರೆ ಹನ್ನೆರಡನೆಯದನ್ನು ತಿನ್ನಬೇಕಾದವಳೂ ಅವಳೇ.

"ಕೋಚ್, ಇನ್ನೊಂದು ಆಡ್ಲಿ ಬಿಡಿ! ಏಟು ತಿನ್ನೋಳು ನಾನು ತಾನೆ?"

ಗೇದರ್ ಅವಳನ್ನೊಮ್ಮೆ, ಇವಳನ್ನೊಮ್ಮೆ ನೋಡಿದರು. ಡಾಟಿ ಮೇಡಂ ಕಡೆಗೆ ತಿರುಗಿ, ಚೆಂಡನ್ನು ನಡುವೆಯೇ ಇಡಿ ಎಂದು ಕೈಸನ್ನೆ ಮಾಡಿದರು.

ಈ ಸಲ ಬ್ರಿಜಿಟ್ ನಗಲಿಲ್ಲ. ಹಲ್ಲು ಕಚ್ಚಿ ನಿಂತಳು. ಅದನ್ನು ಕಂಡು ಟಿಯೋನಾಳಿಗೆ ಯಾಕೋ ತುಂಬ ಖುಷಿಯಾಯಿತು. ಸೀಟಿ. ಬ್ರಿಜಿಟ್‌ಳ ಮಣಿಕಟ್ಟು ತಿರುಗುವುದಕ್ಕೂ ಟಿಯೋನಾಳ ತೋಳು ಮೇಲೇಳುವುದಕ್ಕೂ ಸರಿಹೋಯಿತು. ಚೆಂಡು ಆಕಾಶಕ್ಕೆ ಜಿಗಿಯಿತು. ಇಬ್ಬರೂ ಹಾರಿದರು. ಟಿಯೋನಾಳ ಬಲೆಯೊಳಗೆ ಏನೋ ಧೊಪ್ಪೆಂದು ಬಿತ್ತು. ಭಾರವಾಗಿತ್ತು. ಚೆಂಡೇ.

ಪಾಸ್ ಕೊಡಲು ಅವಳು ಸುತ್ತ ನೋಡಿದಳು. ಕೊಡಲು ಯಾರೂ ಇರಲಿಲ್ಲ. ಅವಳ ತಂಡದವರೆಲ್ಲ ಅಭ್ಯಾಸಬಲದಿಂದ, ಸೀಟಿ ಕೇಳಿದ್ದೇ ತಡ, ಅವಳಿಗೆ ಬೆನ್ನು ಹಾಕಿ ತಮ್ಮ ಗೋಲು ಕಾಯಲು ಓಟ ಕಿತ್ತಿದ್ದರು. ಅವರಿಗೆ ಎದುರಾಗಿ ನಿಂತಿದ್ದವಳು ರೋಶೆಲ್ ಒಬ್ಬಳೇ. ಅವಳು ಎರಡೂ ಕೈ ಮೇಲೆತ್ತಿ, ಗಂಟಲು ಹರಿಯುವಂತೆ ಕೂಗುತ್ತಿದ್ದಳು:

"ಎಲ್ಲಿಗ್ರೇ ಓಡ್ತಿದೀರ? ಆ ಕಡೆ ತಿರುಗ್ರೇ, ಆ ಕಡೆ! ಚೆಂಡು ನಮ್ಮದು!"