ಕೀಳದೆ ಉಳಿದ ಬಿಲ್ಲೆ

ಒಲೆಯ ಹೊಗೆ ಹಿಡಿದ ಕಂಬಳಿಯ ವಾಸನೆ. ಈರಮ್ಮನ ನೆನಪುಗಳಲ್ಲೆಲ್ಲ ಹಳೆಯದು ಅದೇ. ಮೂರು ವರ್ಷದ ಮಗು ಅಪ್ಪನ ಸೊಂಟದ ಮೇಲೆ ಕೂತಿದೆ. ಬೆಳಗಿನ ಬೆಳಕು ಇದ್ದಕ್ಕಿದ್ದಂತೆ ಕತ್ತಲಾಗುತ್ತದೆ, ಮೂಗಿನ ತುಂಬ ಕಂಬಳಿ. ಅದರಾಚೆ ಏನೂ ನೆನಪಿಲ್ಲ. ಆ ಬೆಳಿಗ್ಗೆ ನಡೆದದ್ದನ್ನು ಊರಿನ ಜನ ಅವಳಿಗೆ ಐವತ್ತು ವರ್ಷ ಬಿಡದೆ ಹೇಳಿಕೊಟ್ಟಿದ್ದರು.

“ಅತ್ತೆ, ಬಿಲ್ಲೆ ತಾತ ಬಂದವ್ರೆ.”

ಸೊಸೆ ಸುಚಿತ್ರಾ ಬಾಗಿಲಿನಿಂದ ಕೂಗಿದಾಗ ಈರಮ್ಮ ಮೆಣಸು ಕೇರುತ್ತಿದ್ದಳು. ಕೈಯಲ್ಲಿದ್ದ ಮೊರ ನಿಂತಿತು.

ಹಾನುಬಾಳಿನ ಅಂಗಡಿಗಳಲ್ಲಿ ವಾರದಿಂದ ಇದೇ ಮಾತು. ಮಗ್ಗೆ ಕಡೆಯ ಯಾರೋ ಹಿರಿಯರಂತೆ. ಅಂಗಿಗೆ ಪಿನ್ನಿನಿಂದ ಚುಚ್ಚುವ ಹಳೆಯ ಬಿಲ್ಲೆಗಳನ್ನು ಕೂಡಿಡುತ್ತಾರಂತೆ. ಒಂದೊಂದರ ಪಕ್ಕದಲ್ಲೂ ಅದರ ಕಥೆ ಬರೆದು, ಗಾಜಿನೊಳಗಿಟ್ಟು, ಸಕಲೇಶಪುರದಲ್ಲಿ ಊರಿಗೆಲ್ಲ ತೋರಿಸುತ್ತಾರಂತೆ.

“ತಗಡಿನ ಚೂರಿಗೆ ಜೀಪ್ ಮಾಡ್ಕೊಂಡು ಬಂದವ್ರೆ ಕಣತ್ತೆ,” ಎಂದಳು ಸುಚಿತ್ರಾ, ದನಿ ತಗ್ಗಿಸಿ. “ನಮ್ಮ ಹಳೇ ಡಬ್ಬದ ಮುಚ್ಚಳನೂ ಕೊಟ್ಬುಡಾಣ.”

ಈರಮ್ಮ ನಗಲಿಲ್ಲ.

ಬಂದವರು ಜಗಲಿಯಲ್ಲಿ ಕೂತಿದ್ದರು. ಎಪ್ಪತ್ತೈದರ ಆಸುಪಾಸು. ತೊಡೆಯ ಮೇಲೊಂದು ಮರದ ಪೆಟ್ಟಿಗೆ. ಅವಳನ್ನು ಕಂಡು ಎದ್ದು ನಿಂತು ಕೈ ಮುಗಿದರು.

“ನಾನು ವೀರಭದ್ರಯ್ಯ ಅಂತ. ದೇವೀರಪ್ಪನವರ ಮನೆ ಇದೇ ಅಲ್ವೇನಮ್ಮ?”

ಅಪ್ಪನ ಹೆಸರಿನ ಮುಂದೆ ಒಂದು ‘ಅವರು’ ಸೇರಿದ್ದನ್ನು ಈರಮ್ಮ ಕೇಳಿದ್ದು ಅದೇ ಮೊದಲು. ಅಷ್ಟಕ್ಕೇ ಅವಳು ಸೋತಳು. ಕೂರಲು ಹೇಳಿದಳು.

ಅವರು ಪೆಟ್ಟಿಗೆ ತೆರೆದರು. ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಬಿಲ್ಲೆ, ಶಾಲೆಯ ಲೀಡರ್ ಬಿಲ್ಲೆ, ಬಣ್ಣ ಮಾಸಿದ ಚುನಾವಣೆಯ ಬಿಲ್ಲೆಗಳು.

“ಗೆದ್ದೋರ ಬಿಲ್ಲೇನ ಜನ ಎಸೆದುಬಿಡ್ತಾರೆ,” ಎಂದರು. “ಸೋತೋರದ್ದನ್ನ ಮಾತ್ರ ಎಲ್ಲಾದ್ರೂ ಜೋಪಾನವಾಗಿ ಇಟ್ಟಿರ್ತಾರೆ.”

ಆಮೇಲೆ ಮೇಲಿನ ತಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟರು. ಕೆಳಗೆ ಒಂದೇ ಬಗೆಯ ಬಿಲ್ಲೆಗಳು ಸಾಲಾಗಿದ್ದವು: ಕೆಂಪು ತಗಡು, ನಡುವೆ ಬಿಳಿಯ ಕಾಫಿ ಹೂವು. ಪ್ರತಿ ಪಿನ್ನಿನಲ್ಲೂ ಒಂದೊಂದು ಬಟ್ಟೆಯ ಚೂರು ಸಿಕ್ಕಿಕೊಂಡಿತ್ತು. ಖಾಕಿ, ನೀಲಿ ಗೀರು, ಮಾಸಿದ ಬಿಳಿ. ಇಪ್ಪತ್ತಮೂರು ಇದ್ದವು. ಕೊನೆಯ ಜಾಗ ಖಾಲಿ.

ಈರಮ್ಮ ನೋಡಿದೊಡನೆ ಗುರುತಿಸಿದಳು.

ಕೂಲಿ ಹೆಚ್ಚಿಸಿ ಎಂದು ಕೇಳಲು ಅಪ್ಪ ದುಡಿಯುತ್ತಿದ್ದ ಕಾಫಿ ಎಸ್ಟೇಟಿನ ಇಪ್ಪತ್ತನಾಲ್ಕು ಆಳುಗಳು ಮಾಡಿಸಿಕೊಂಡಿದ್ದ ಬಿಲ್ಲೆ ಅದು. ಬೆಳಗಿನ ಹಾಜರಿಯ ಹೊತ್ತಿಗೆ ಎಲ್ಲರೂ ಕಂಬಳಿಯನ್ನು ಹಿಂದಕ್ಕೆ ಸರಿಸಿ ಎದೆ ತೋರಿಸಿ ನಿಂತರಂತೆ. ಮ್ಯಾನೇಜರ್ ಕಣ್ಣು ಸನ್ನೆ ಮಾಡಿದನಂತೆ. ಹಾಜರಿ ಬರೆಯುವ ರೈಟರ್ ಒಂದು ತುದಿಯಿಂದ ಬಿಲ್ಲೆ ಕೀಳುತ್ತ ಬಂದನಂತೆ. ಎಸ್ಟೇಟಿನ ಲೈನ್ ಮನೆಗಳಲ್ಲಿದ್ದ ಆಳುಗಳಿಗೆ ಅವನು ರೈಟರ್ ಅಷ್ಟೇ. ಅವನ ಹೆಸರು ಯಾರಿಗೂ ಬೇಕಿರಲಿಲ್ಲ. ಬಿಲ್ಲೆ ಕೀಳಿಸಿಕೊಂಡ ಇಪ್ಪತ್ತಮೂರು ಸಂಸಾರಗಳು ಸಂಜೆಯೊಳಗೆ ಲೈನ್ ಮನೆ ಖಾಲಿ ಮಾಡಿದವು. ಸಾಲಿನ ಕೊನೆಯಲ್ಲಿದ್ದ ದೇವೀರಪ್ಪನ ಬಿಲ್ಲೆ ಮಾತ್ರ ಕಂಬಳಿಯ ಒಳಗಿತ್ತು. ಅವನ ಕೆಲಸ ಉಳಿಯಿತು.

ಹೆದರಿ ಬಿಲ್ಲೆ ಮುಚ್ಚಿಕೊಂಡ ಎಂದು ಅಂದಿನಿಂದ ಅವನು ಊರಿಗೆಲ್ಲ ಕಂಬಳಿ ದೇವೀರ. ಸತ್ತಾಗ ಚಟ್ಟಕ್ಕೆ ಸಿಕ್ಕಿದ್ದು ಮೂರೇ ಹೆಗಲು. ನಾಲ್ಕನೆಯದು ಈರಮ್ಮನದು.

ಅಪ್ಪ ಒಮ್ಮೆ ಮಾತ್ರ ಬಾಯಿ ಬಿಟ್ಟಿದ್ದ. “ನಾನು ಮುಚ್ಕಳ್ಲಿಲ್ಲ ಕಣ್ ಮಗ. ಜಾಸ್ತಿ ಕೇಳ್ಬ್ಯಾಡ. ಹೇಳುದ್ರೆ ಇನ್ನೊಬ್ಬರ ಕೆಲ್ಸ ಹೋಯ್ತದೆ.” ಹೆದರಿದವರು ಹೇಳುವ ನೆಪ ಎಂದುಕೊಂಡಿದ್ದಳು ಈರಮ್ಮ. ಆದರೂ ಆ ಬಿಲ್ಲೆಯನ್ನು ಎಸೆಯಲು ಅವಳಿಂದ ಆಗಿರಲಿಲ್ಲ.

“ಇಪ್ಪತ್ನಾಲ್ಕನೇದು ನಿಮ್ಮಲ್ಲಿ ಇರಬೇಕು,” ಎಂದರು ವೀರಭದ್ರಯ್ಯ.

ಇಲ್ಲ ಎನ್ನಬೇಕೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಸುಚಿತ್ರಾ, “ಐತಲ್ಲ, ದೇವರ ಗೂಡಲ್ಲಿ,” ಎಂದು ಒಳಗೆ ಹೋಗಿ ತಂದೇಬಿಟ್ಟಳು.

ಅವರು ಅದನ್ನು ಅಂಗೈಯಲ್ಲಿ ಮಗುಚಿ ನೋಡಿದರು. ಪಿನ್ನು ಚೊಕ್ಕಟವಾಗಿತ್ತು, ಬಟ್ಟೆಯ ಚೂರಿರಲಿಲ್ಲ.

“ಅದ್ರ ಪಕ್ಕ ಏನು ಬರೀತೀರಿ?” ಈರಮ್ಮ ಕೇಳಿದಳು.

“ನಡೆದಿದ್ದು.”

ಊರೆಲ್ಲ ಓದುತ್ತದೆ. ಈಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತ ಮೊಮ್ಮಗಳು ಗಗನಾ ಕೂಡ ಓದುತ್ತಾಳೆ. ಬಾಯಿಮಾತಾದರೆ ಎಂದಾದರೂ ಸಾಯುತ್ತದೆ. ಬರೆದದ್ದನ್ನು ಏನು ಮಾಡುವುದು?

“ಬಿಲ್ಲೆ ಬೇಕಾದ್ರೆ ತಗಂಡೋಗಿ,” ಎಂದಳು. “ನಮ್ಮಪ್ಪನ ಹೆಸರು ಮಾತ್ರ ಬರೀಬ್ಯಾಡಿ. ಕೈ ಮುಗಿತೀನಿ.”

“ಹೆಸರು ಬರೀಲೇಬೇಕಮ್ಮ. ಅವರದ್ದು, ಜೊತೆಗೆ ನನ್ನದು.” ಅವರು ಬಟ್ಟೆಯ ಚೂರೊಂದನ್ನು ಬೆರಳಿನಿಂದ ಮುಟ್ಟಿದರು. “ಈ ಇಪ್ಪತ್ಮೂರನ್ನ ನಾನು ಯಾರ ಮನೇಲೂ ಕೇಳಿ ತಗೊಂಡಿದ್ದಲ್ಲ. ಕಿತ್ತಿದ್ದು. ಆ ರೈಟರ್ ನಾನೇ.”

ಸುಚಿತ್ರಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ನಿಮ್ಮಪ್ಪನ ಎದುರಿಗೆ ಬಂದಾಗ ಅವರ ಸೊಂಟದ ಮೇಲೆ ಮಗು ಇತ್ತು. ಕೀಳೋಕೆ ನನ್ನ ಕೈ ಏಳಲಿಲ್ಲ. ಮ್ಯಾನೇಜರ್ ನೋಡೋದರೊಳಗೆ ನಾನೇ ಕಂಬಳಿ ಎಳೆದು ಮುಚ್ಚಿದೆ.” ಬಂದಾಗಿನಿಂದ ಮೊದಲ ಬಾರಿಗೆ ಅವರ ಮುಖದಲ್ಲಿ ಒಂದು ಸಣ್ಣ ನಗು ಮೂಡಿತು. “ನನ್ನ ಜೀವಮಾನದಲ್ಲಿ ನಾನು ಮಾಡಿದ ಒಂದೇ ಒಳ್ಳೇ ಕೆಲಸ. ಅದನ್ನ ನೆನೆಸಿಕೊಂಡೇ ಇಷ್ಟು ದಿನ ಬದುಕಿದೀನಿ. ಅವರೊಬ್ಬರಾದ್ರೂ ಆಮೇಲೆ ನೆಮ್ಮದಿಯಾಗಿ ಬಾಳಿದ್ರಾ ಅಂತ ಕೇಳೋಕೆ ಬಂದೆ ತಾಯಿ.”

ಏನೋ ಹೇಳಹೊರಟ ಸೊಸೆಯ ತೋಳನ್ನು ಈರಮ್ಮ ಒತ್ತಿ ಹಿಡಿದಳು. “ನೆಮ್ಮದಿಯಾಗೇ ಇದ್ರು,” ಎಂದಳು. ಒಳಗೆ ಹೋಗಿ, ತಟ್ಟೆಗೆ ನಾಲ್ಕು ಬಿಸಿ ಕಡುಬು ಹಾಕಿ, ಮೇಲೆ ಅವರೆಕಾಳು ಸಾರು ಬಿಟ್ಟು ತಂದು ಅವರ ಕೈಗಿಟ್ಟಳು.